ಅವರು ನಮಗೆ ಏನಾಗಬೇಕು?

ಸಾವಿನ ಮನೆಗೆ ಹೋದವರನ್ನು ಎಲ್ಲರೂ ಕೇಳುವ ಪ್ರಶ್ನೆ ಒಂದೇ: 'ತೀರಿಕೊಂಡವರು ನಿಮಗೆ ಏನಾಗಬೇಕು?' ಅತ್ತೆ, ಚಿಕ್ಕಮ್ಮ, ತಂಗಿ ಎಂದರೆ ಕೇಳಿದವರಿಗೆ ಸಮಾಧಾನ. ಕುಳಿತು ಅಳಲು ನಮಗೂ ಒಂದು ಮೂಲೆ ಸಿಗುತ್ತದೆ. ಆದರೆ ಕೆಲಸ ಕಲಿಸಿದವರು ಹೋದಾಗ ಏನೆಂದು ಹೇಳುವುದು?

ನಾವು ದಕ್ಷಿಣ ಕನ್ನಡದ ತಾಲೂಕು ಆಸ್ಪತ್ರೆಯೊಂದರ ಹೆರಿಗೆ ವಾರ್ಡಿನಲ್ಲಿ ದುಡಿಯುವ ಐದು ಮಂದಿ ದಾದಿಯರು. ನಮ್ಮನ್ನು ತಿದ್ದಿ ತೀಡಿದ ಹಿರಿಯ ದಾದಿಯನ್ನು ಈಚೆಗೆ ಕಳೆದುಕೊಂಡೆವು. ಊರಿಗೆಲ್ಲ ಅವರು ಸಿಸ್ಟರ್, ನಮಗೆ ಅಕ್ಕ. ಹೆಸರು ಅಚ್ಚಾಗುವುದನ್ನು ಅವರು ಇಷ್ಟಪಡುತ್ತಿರಲಿಲ್ಲ. ಇಲ್ಲಿಯೂ ಬರೆಯುವುದಿಲ್ಲ.

2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭವಾದ ಮೇಲೆ ಗುತ್ತಿಗೆಯ ಮೇಲೆ ನೇಮಕಗೊಂಡವರು ನಾವು. ಕೈಯಲ್ಲಿ ಸರ್ಟಿಫಿಕೇಟು ಇತ್ತು, ಆ ಕೈಗೆ ಅನುಭವ ಇರಲಿಲ್ಲ. ಹೆರಿಗೆಯಾದ ಬಳಿಕ ಗರ್ಭಕೋಶ ಗಟ್ಟಿಯಾಗಬೇಕು ಎಂದು ಪುಸ್ತಕದಲ್ಲಿ ಓದಿದ್ದೆವು. ಎಷ್ಟು ಗಟ್ಟಿ? ಅಕ್ಕ ನಮ್ಮ ಬೆರಳನ್ನು ನಮ್ಮದೇ ಹಣೆಗೆ ಒತ್ತಿಸಿದರು. 'ಇಷ್ಟು ಗಟ್ಟಿ ಇದ್ದರೆ ಹೆದರಬೇಡ. ಕೆನ್ನೆಯ ಹಾಗೆ ಮೆತ್ತಗಾದರೆ ಅಲ್ಲಿಂದಲೇ ಉಜ್ಜಲು ಶುರು ಮಾಡು, ಡಾಕ್ಟರನ್ನು ಕೂಗಿ ಕರೆ. ನೀನು ಮಾತ್ರ ಹಾಸಿಗೆ ಬಿಟ್ಟು ಹೋಗಬೇಡ ಮಾರಾಯ್ತಿ.'

ಮಗು ಹುಟ್ಟಿದ ಸಡಗರದಲ್ಲಿ ಎಲ್ಲರ ಕಣ್ಣು ಮಗುವಿನ ಮೇಲಿರುತ್ತದೆ. ಅಕ್ಕನ ಕಣ್ಣು ತಾಯಿಯ ಮೇಲೆ. ಮೊದಲ ಎರಡು ಗಂಟೆ ಬಾಣಂತಿಯನ್ನು ಒಂಟಿಯಾಗಿ ಬಿಡಬಾರದು ಎಂಬುದು ಅವರ ಕಟ್ಟಪ್ಪಣೆ. ನಮ್ಮ ದೇಶದಲ್ಲಿ ತಾಯಂದಿರ ಸಾವಿಗೆ ಹೆರಿಗೆಯ ನಂತರದ ರಕ್ತಸ್ರಾವ ಇಂದಿಗೂ ದೊಡ್ಡ ಕಾರಣ. ಮಗು ಹುಟ್ಟಿದ ಒಂದು ನಿಮಿಷದೊಳಗೆ 10 ಯೂನಿಟ್ ಆಕ್ಸಿಟೋಸಿನ್ ಕೊಡಬೇಕು, ಆ ಮದ್ದು 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು. ಹಾಗಾಗಿ ಡ್ಯೂಟಿಗೆ ಬಂದ ಕೂಡಲೇ ಅವರು ಮೊದಲು ನೋಡುತ್ತಿದ್ದುದು ಫ್ರಿಜ್ಜನ್ನು. ಕರ್ನಾಟಕದಲ್ಲಿ 2001-03ರಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು. 2018-20ರಲ್ಲಿ ಅದು 69ಕ್ಕೆ ಇಳಿಯಿತು. ಈ ಇಳಿಕೆಗೆ ಯೋಜನೆಗಳ ಹೆಸರು ಹೇಳುವವರು ಬಹಳ. ರಾತ್ರಿ ಎರಡು ಗಂಟೆಗೆ ಹೊಟ್ಟೆಯ ಮೇಲೆ ಅಂಗೈ ಇಟ್ಟು ಕುಳಿತವರ ಹೆಸರು ಯಾವ ವರದಿಯಲ್ಲೂ ಇಲ್ಲ.

ತುಳು, ಬ್ಯಾರಿ, ಕೊಂಕಣಿ, ಕನ್ನಡ - ಯಾವ ಭಾಷೆಯಲ್ಲಿ ಹೆಂಗಸು ನರಳಿದರೂ ಅದೇ ಭಾಷೆಯಲ್ಲಿ ಸಂತೈಸುತ್ತಿದ್ದರು. ನೋವು ತಿನ್ನುವವಳ ಮೇಲೆ ರೇಗುವುದು ಅನೇಕ ಹೆರಿಗೆ ಕೋಣೆಗಳ ಕೆಟ್ಟ ರೂಢಿ. 'ನೋವು ಅವಳದ್ದು, ಬೊಬ್ಬೆ ಹಾಕುವ ಹಕ್ಕೂ ಅವಳದ್ದೇ' ಎನ್ನುತ್ತಿದ್ದರು ಅಕ್ಕ. ನಮ್ಮನ್ನು ಬೈಯುತ್ತಿರಲಿಲ್ಲವೆಂದಲ್ಲ. ಚೆನ್ನಾಗಿಯೇ ಬೈಯುತ್ತಿದ್ದರು. ಆದರೆ ಬಟ್ಟೆ ಬದಲಾಯಿಸುವ ಕೋಣೆಗೆ ಕರೆದು, ಬಾಗಿಲು ಹಾಕಿ. ಹೊರಗೆ ಬಂದ ಮೇಲೆ ಆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು.

ಸಂಬಳ ಎರಡು ಮೂರು ತಿಂಗಳು ತಡವಾದಾಗ ಕೈಸಾಲ ಕೊಟ್ಟವರು, ಸೊಸೈಟಿ ಸಾಲಕ್ಕೆ ಜಾಮೀನು ನಿಂತವರು ಅವರೇ. ನೈಟ್ ಡ್ಯೂಟಿಗೆ ಬರುವಾಗ ಅವರ ಡಬ್ಬಿಯಲ್ಲಿ ಕುಚ್ಚಲಕ್ಕಿ ಗಂಜಿ, ಮಾವಿನ ಉಪ್ಪಿನಕಾಯಿ ಯಾವಾಗಲೂ ಒಬ್ಬರಿಗೆ ಬೇಕಾದುದಕ್ಕಿಂತ ಹೆಚ್ಚೇ ಇರುತ್ತಿತ್ತು. ನಮ್ಮಲ್ಲಿ ಮೂವರ ಹೆರಿಗೆ ಮಾಡಿಸಿದ್ದೂ ಅವರ ಕೈಗಳೇ.

ನಿವೃತ್ತಿಯ ಬಳಿಕ ಸಕ್ಕರೆ ಕಾಯಿಲೆ ಉಲ್ಬಣಿಸಿ ಕಿಡ್ನಿ ಸೋತಿತು. ವಾರಕ್ಕೆ ಎರಡು ಬಾರಿ ಡಯಾಲಿಸಿಸ್. ನೋಡಲು ಹೋದ ದಿನ, ಸೂಜಿ ಹಾಕಲು ಬಂದ ಹೊಸ ಹುಡುಗಿಯ ಕೈ ನಡುಗುತ್ತಿತ್ತು. 'ನಿಧಾನ ಮಗಾ, ನನಗೇನೂ ಅವಸರ ಇಲ್ಲ' ಎಂದು ಅಕ್ಕನೇ ಅವಳಿಗೆ ಧೈರ್ಯ ಹೇಳಿದರು. ನಾವು ಮುಖ ತಿರುಗಿಸಿಕೊಂಡೆವು.

ಸುದ್ದಿ ಬಂದ ದಿನ ಐವರೂ ಹೋಗಲಾಗಲಿಲ್ಲ. ಹೆರಿಗೆ ವಾರ್ಡಿಗೆ ಬೀಗ ಹಾಕಲಾಗುವುದಿಲ್ಲ. ಮೂವರು ಹೋದರು, ಇಬ್ಬರು ಡ್ಯೂಟಿಯಲ್ಲಿ ಉಳಿದರು. ಹೋದವರು ಅಂಗಳದಲ್ಲಿ ನಿಂತು, 'ಒಟ್ಟಿಗೆ ಕೆಲಸ ಮಾಡಿದವರು' ಎಂದಷ್ಟೇ ಹೇಳಿ ಬಂದರು. ಉಳಿದವರು ಆ ರಾತ್ರಿ ಎರಡು ಹೆರಿಗೆ ಮಾಡಿಸಿದರು. ಯಾರ ದುಃಖ ಹಗುರವಾಗಿತ್ತು ಎಂದು ಈಗಲೂ ಹೇಳಲಾರೆವು.

ಹಿರಿಯ ದಾದಿಯೊಬ್ಬರು ನಿವೃತ್ತರಾದಾಗ ಶಾಲು, ಹಾರ, ಹಣ್ಣಿನ ಬುಟ್ಟಿ ಕೊಟ್ಟು ಕಳುಹಿಸುತ್ತೇವೆ. ಅವರ ಕೈಯಲ್ಲಿದ್ದ ವಿದ್ಯೆಯನ್ನು ಪಡೆದುಕೊಂಡವರು ಯಾರು ಎಂದು ಯಾರೂ ಕೇಳುವುದಿಲ್ಲ. ವರ್ಷಕ್ಕೊಮ್ಮೆ ನವೀಕರಣವಾಗುವ ಕೆಲಸದಲ್ಲಿ ಹೊಸಬರು ಬರುತ್ತಾರೆ, ಕಲಿಯುವಷ್ಟರಲ್ಲಿ ಬಿಟ್ಟು ಹೋಗುತ್ತಾರೆ. ಹಣೆ ಯಾವುದು, ಕೆನ್ನೆ ಯಾವುದು ಎಂದು ಬೆರಳು ಹಿಡಿದು ತೋರಿಸಲು ಒಬ್ಬರು ಬಹುಕಾಲ ಒಂದೇ ಕಡೆ ನಿಲ್ಲಬೇಕಾಗುತ್ತದೆ. ಅಕ್ಕ ನಿಂತಿದ್ದರು. ನಾವು ಕಲಿತೆವು.

ಅವರು ನಮಗೆ ಏನಾಗಬೇಕು ಎಂದು ಇನ್ನೊಮ್ಮೆ ಯಾರಾದರೂ ಕೇಳಿದರೆ, ಒಟ್ಟಿಗೆ ಕೆಲಸ ಮಾಡಿದವರು ಎನ್ನುವುದಿಲ್ಲ. ಅಕ್ಕ ಆಗಬೇಕು ಎನ್ನುತ್ತೇವೆ. ಅದರಲ್ಲಿ ಸುಳ್ಳೇನೂ ಇಲ್ಲ.