ಮಿನುಗುವ ಚುಕ್ಕೆಯ ಬೆನ್ನು ಹತ್ತಿ

ಡೆಂಗಿ ವೈರಸ್ಸಿನ ಅಡ್ಡಳತೆ ಸುಮಾರು 50 ನ್ಯಾನೊಮೀಟರ್. ಸಾಮಾನ್ಯ ಬೆಳಕಿನ ಸೂಕ್ಷ್ಮದರ್ಶಕಕ್ಕೆ ಎರಡು ವಸ್ತುಗಳನ್ನು ಬೇರೆಬೇರೆಯಾಗಿ ತೋರಿಸಲು ಅವುಗಳ ನಡುವೆ 200 ನ್ಯಾನೊಮೀಟರಿನಷ್ಟಾದರೂ ಅಂತರ ಬೇಕು. ಈ ಲೆಕ್ಕಕ್ಕೆ ಡೆಂಗಿ ವೈರಸ್ಸು ಕಣ್ಣಿಗೆ ದಕ್ಕುವ ಜೀವಿಯೇ ಅಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಅದರ ಮೈಕಟ್ಟನ್ನು ಚೆನ್ನಾಗಿಯೇ ತೋರಿಸುತ್ತದೆ. ಆದರೆ ಅದರಡಿ ಇಡುವ ಕೋಶ ಸತ್ತ ಕೋಶ; ಸಿಗುವುದು ಒಂದು ಕ್ಷಣದ ಚಿತ್ರ. ವೈರಸ್ಸು ಎಲ್ಲಿಂದ ಹೊಕ್ಕಿತು, ಯಾವ ದಾರಿ ಹಿಡಿಯಿತು, ಎಲ್ಲಿ ತಂಗಿತು ಎಂಬುದು ಗೊತ್ತಾಗಬೇಕಾದರೆ ಅದಕ್ಕೆ ಪ್ರತಿದೀಪ್ತಿಯ ಗುರುತು ಹಚ್ಚಿ ಜೀವಂತ ಕೋಶದೊಳಕ್ಕೆ ಬಿಡಬೇಕು. ಅಮಾವಾಸ್ಯೆಯ ರಾತ್ರಿ ಉಣಕಲ್ಲಿನ ನೃಪತುಂಗ ಬೆಟ್ಟದ ಮೇಲೆ ನಿಂತವರಿಗೆ ಹುಬ್ಬಳ್ಳಿ–ಧಾರವಾಡ ರಸ್ತೆಯ ಗಾಡಿಗಳು ಕಾಣುವುದಿಲ್ಲ, ಅವುಗಳ ದೀಪ ಹೋಗುವುದು ಮಾತ್ರ ಕಾಣುತ್ತದೆ. ಇಲ್ಲಿನ ನೋಟವೂ ಅಷ್ಟೇ. ಚುಕ್ಕೆಯ ಆಕಾರದಿಂದ ಏನೂ ತಿಳಿಯದು, ಚಲನೆಯಿಂದ ಬಹಳಷ್ಟು ತಿಳಿಯುತ್ತದೆ.

ಗುರುತು ಹಚ್ಚಲು ಎರಡು ದಾರಿಗಳು ಹೆಚ್ಚು ಬಳಕೆಯಲ್ಲಿವೆ. ಮೊದಲನೆಯದು ವೈರಸ್ಸಿನ ಪ್ರೋಟೀನಿಗೆ ಇನ್ನೊಂದು ಹೊಳೆಯುವ ಪ್ರೋಟೀನನ್ನು ಜೋಡಿಸುವುದು. ಏಕ್ವೋರಿಯ ವಿಕ್ಟೋರಿಯ ಎಂಬ ಅಂಬಲಿ ಮೀನಿನಲ್ಲಿ ಒಸಾಮು ಶಿಮೊಮುರಾ 1962ರಲ್ಲಿ ಕಂಡ ಹಸಿರು ಪ್ರೋಟೀನು, ಅಂದರೆ ಜಿಎಫ್‌ಪಿ, ಈ ಕಸುಬಿನ ಮೂಲ ಬಂಡವಾಳ. ಮಾರ್ಟಿನ್ ಚಾಲ್ಫಿ 1994ರಲ್ಲಿ ಅದನ್ನು ಬ್ಯಾಕ್ಟೀರಿಯಾದಲ್ಲೂ ಹುಳುವಿನಲ್ಲೂ ಬೆಳಗಿಸಿ ತೋರಿಸಿದರು; ರೋಜರ್ ಸಿಯೆನ್ ಅದಕ್ಕೆ ಬಗೆಬಗೆಯ ಬಣ್ಣ ತಂದರು. 2008ರ ನೊಬೆಲ್ ಈ ಮೂವರಿಗೆ ಸಂದಿತು. 1992ರಲ್ಲಿ ಅದರ ಜೀನನ್ನು ಬೇರ್ಪಡಿಸಿ ಇತರರಿಗೆ ಕೊಟ್ಟ ಡಗ್ಲಸ್ ಪ್ರಾಶರ್ ಮಾತ್ರ ಆ ಹೊತ್ತಿಗೆ ಅಲಬಾಮಾದಲ್ಲಿ ಕಾರು ಮಾರುವ ಅಂಗಡಿಯೊಂದರ ವ್ಯಾನ್ ಓಡಿಸುತ್ತಿದ್ದರು.

ಜಿಎಫ್‌ಪಿ 238 ಅಮೈನೊ ಆಮ್ಲಗಳ ಸರಪಳಿ. ಅದರ ಜೀನಿಗೆ 700ಕ್ಕೂ ಹೆಚ್ಚು ಅಕ್ಷರ ಬೇಕು. ಡೆಂಗಿಯ ಇಡೀ ಜೀನೋಮೇ ಸುಮಾರು 10,700 ಅಕ್ಷರದ್ದು. ಅದರೊಳಗೆ ಇಷ್ಟು ಹೊರೆ ತುರುಕಿದರೆ ಕೆಲವು ತಲೆಮಾರುಗಳಲ್ಲಿ ವೈರಸ್ಸು ಅದನ್ನು ಕಳಚಿ ಎಸೆಯುವುದುಂಟು. ಆದ್ದರಿಂದ ಕೊಬ್ಬಿನ ಹೊದಿಕೆಯುಳ್ಳ ವೈರಸ್ಸುಗಳಿಗೆ ಎರಡನೆಯ ದಾರಿಯೇ ಅನುಕೂಲ. ಡಿಐಡಿಯಂಥ ಕೊಬ್ಬು ಹತ್ತುವ ಬಣ್ಣವನ್ನು ಸೇರಿಸಿದರೆ ಅದು ತಾನಾಗಿ ಹೊದಿಕೆಯಲ್ಲಿ ಹೋಗಿ ಕೂರುತ್ತದೆ. ವೈರಸ್ಸಿನ ಜೀನಿಗೆ ಕೈ ಹಚ್ಚುವ ಪ್ರಮೇಯವೇ ಇಲ್ಲ.

ಮುಂದಿನದು ತಾಳ್ಮೆಯ ಕೆಲಸ, ರುಚಿ ಇರುವುದೂ ಅಲ್ಲಿಯೇ. ಕೋಶಗಳನ್ನು ಬೆಳೆಸುವ ತಟ್ಟೆಯ ತಳ 0.17 ಮಿಲಿಮೀಟರ್ ದಪ್ಪದ ಗಾಜು. ಪೋಷಕ ದ್ರವಕ್ಕೆ ವಾಡಿಕೆಯಂತೆ ಹಾಕುವ ಕೆಂಪು ಸೂಚಕವನ್ನು ಬಿಡಬೇಕು, ಏಕೆಂದರೆ ಅದೂ ಮಂದವಾಗಿ ಹೊಳೆದು ಹಿನ್ನೆಲೆಯನ್ನು ಕೆಡಿಸುತ್ತದೆ. ಸೂಕ್ಷ್ಮದರ್ಶಕವನ್ನು ಮುಂಚಿತವಾಗಿಯೇ 37 ಡಿಗ್ರಿಗೆ ಬೆಚ್ಚಗಾಗಿಸಿ ಇಟ್ಟಿರಬೇಕು. ಇಲ್ಲದಿದ್ದರೆ ಲೋಹದ ಭಾಗಗಳು ಹಿಗ್ಗುತ್ತ ಹೋಗಿ ನೋಟ ಮಸುಕಾಗುತ್ತದೆ. ವೈರಸ್ಸನ್ನು ಮೊದಲು 4 ಡಿಗ್ರಿ ಚಳಿಯಲ್ಲಿ ಕೋಶಗಳ ಮೇಲೆ ಬಿಡುತ್ತಾರೆ. ಆ ಚಳಿಯಲ್ಲಿ ಅದು ಪೊರೆಗೆ ಅಂಟಿಕೊಳ್ಳುತ್ತದೆ, ಒಳಗೆ ಹೋಗಲಾರದು. ಆಮೇಲೆ ತಟ್ಟೆಯನ್ನು ಬೆಚ್ಚಗೆ ಮಾಡಿದರೆ ಎಲ್ಲ ಕಣಗಳೂ ಹೆಚ್ಚು ಕಡಿಮೆ ಒಟ್ಟಿಗೆ ಪಯಣ ಹೊರಡುತ್ತವೆ.

ಬೆಳಕು ಇಲ್ಲಿ ಸಾಧನವೂ ಹೌದು, ಶತ್ರುವೂ ಹೌದು. ಲೇಸರ್ ಹೆಚ್ಚಿಸಿದರೆ ಚಿತ್ರ ಸೊಗಸಾಗುತ್ತದೆ, ಆದರೆ ಬಣ್ಣ ಬೇಗ ಬಾಡುತ್ತದೆ. ಕೋಶವೂ ಮುದುಡಿ ಗುಂಡಗಾಗಿ ಮೈಯೆಲ್ಲ ಗುಳ್ಳೆ ಎಬ್ಬಿಸುತ್ತದೆ. ಅಂಥ ಕೋಶದೊಳಗೆ ಕಂಡದ್ದು ಸಾಯುತ್ತಿರುವ ಕೋಶದ ಸಂಗತಿ, ಸೋಂಕಿನದಲ್ಲ. ಹೀಗಾಗಿ ಪಳಗಿದವರ ವಿಡಿಯೊಗಳು ನೋಡಲು ಸ್ವಲ್ಪ ಮಂಕಾಗಿಯೇ ಇರುತ್ತವೆ.

ಇಷ್ಟೆಲ್ಲ ಆದ ಮೇಲೆ ಕಾಣುವ ನೋಟಕ್ಕೆ ಬೆಲೆ ಕಟ್ಟಲಾಗದು. 2003ರಲ್ಲಿ ಶಾವೊವೀ ಜುವಾಂಗ್ ಅವರ ತಂಡ ಇನ್‌ಫ್ಲುಯೆಂಜಾ ವೈರಸ್ಸಿಗೆ ಡಿಐಡಿ ಹಚ್ಚಿ ಹಿಂಬಾಲಿಸಿತು. ಚುಕ್ಕೆ ಮೊದಲು ಕೋಶದ ಅಂಚಿನಲ್ಲಿ ನಿಧಾನವಾಗಿ ತೆವಳಿತು. ಬಳಿಕ ಕೆಲವೇ ಸೆಕೆಂಡುಗಳಲ್ಲಿ ಕೋಶಕೇಂದ್ರದ ಹತ್ತಿರಕ್ಕೆ ನೇರ ಓಡಿತು. ಅಲ್ಲಿ ಹಿಂದಕ್ಕೂ ಮುಂದಕ್ಕೂ ತುಯ್ದಾಡಿತು. ಕೊನೆಗೆ ಫಕ್ಕನೆ ಹಲವು ಪಟ್ಟು ಬೆಳಗಿತು. ಇದರ ಗುಟ್ಟು ಸರಳ: ಬಣ್ಣವನ್ನು ಬೇಕೆಂದೇ ಒತ್ತೊತ್ತಾಗಿ ತುಂಬಿದಾಗ ಅಣುಗಳು ಒಂದರ ಬೆಳಕನ್ನು ಒಂದು ನುಂಗುತ್ತವೆ. ವೈರಸ್ಸಿನ ಹೊದಿಕೆ ಅದನ್ನು ಒಳಗೆ ಹೊತ್ತು ತಂದ ಕೋಶದ ಚೀಲದ ಪೊರೆಯೊಡನೆ ಬೆಸೆದೊಡನೆ ಅವು ಚದುರಿ ಪ್ರಕಾಶ ಏರುತ್ತದೆ. ಬೆಸುಗೆಯ ಗಳಿಗೆಯನ್ನು ವೈರಸ್ಸೇ ಸಾರಿ ಹೇಳಿದಂತಾಯಿತು.

ಡೆಂಗಿಯ ನಡೆ ಬೇರೆ. ಮಳೆಗಾಲ ಬಂತೆಂದರೆ ಹುಬ್ಬಳ್ಳಿ–ಧಾರವಾಡದ ಮನೆಮನೆಯಲ್ಲಿ ಪ್ಲೇಟ್‌ಲೆಟ್ ಲೆಕ್ಕದ ಮಾತು ತರುವ ಈ ವೈರಸ್ಸು ಪೊರೆಯ ಮೇಲೆ ಅಲೆದು, ಕ್ಲಾಥ್ರಿನ್ ಎಂಬ ಪ್ರೋಟೀನು ಹೊದ್ದು ಮೊದಲೇ ಸಿದ್ಧವಾಗಿರುವ ಗುಳಿಯನ್ನು ಹುಡುಕಿ ಇಳಿಯುತ್ತದೆ ಎಂದು 2008ರಲ್ಲಿ ಡಚ್ ಸಂಶೋಧಕರು ಇದೇ ಬಣ್ಣದಿಂದ ಕಂಡರು. ಇನ್‌ಫ್ಲುಯೆಂಜಾ ಕೂತಲ್ಲಿಯೇ ಹೊಸ ಗುಳಿ ತೋಡಿಸಿಕೊಳ್ಳುತ್ತದೆ. ಡೆಂಗಿಗೆ ಆ ಠೀವಿ ಇಲ್ಲ.

ಆದರೂ ಹೊಳೆದದ್ದೆಲ್ಲ ವೈರಸ್ಸಲ್ಲ. ತೊಳೆದು ಹೋಗದೆ ಉಳಿದ ಬಣ್ಣದ ಗಡ್ಡೆಯೂ ಥೇಟ್ ವೈರಸ್ಸಿನಂತೆ ಮಿನುಗುತ್ತದೆ. ಹಾಗಾಗಿ ಬೇರೆ ಬಣ್ಣದ ಪ್ರತಿಕಾಯವನ್ನೂ ಹಚ್ಚಿ, ಎರಡೂ ಒಂದೇ ಜಾಗದಲ್ಲಿ ಬೀಳುತ್ತವೆಯೇ ಎಂದು ತಾಳೆ ನೋಡಬೇಕು. ಇನ್ನೂ ದೊಡ್ಡ ತೊಡಕೊಂದಿದೆ. ವೈರಸ್ ಕಣಗಳಲ್ಲಿ ಬಹುಪಾಲು ಜೊಳ್ಳು, ಸೋಂಕು ಹರಡುವ ಕಣ ಕೆಲವೇ. ಇಡೀ ದಿನ ಬೆನ್ನು ಹತ್ತಿದ ಚುಕ್ಕೆ ಯಾವ ಗುಂಪಿನದೆಂದು ಅದರ ಹೊಳಪು ಹೇಳುವುದಿಲ್ಲ.

ಕರ್ನಾಟಕದಲ್ಲಿ ಈ ವಿದ್ಯೆ ಫಲ ಕೊಟ್ಟ ಒಳ್ಳೆಯ ಉದಾಹರಣೆ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಎನ್‌ಸಿಬಿಎಸ್‌ನದು. ಕೋಶಗಳು ಹೊರಗಿನದನ್ನು ಒಳಗೆಳೆದುಕೊಳ್ಳುವ ಬಗೆಯನ್ನು ದಶಕಗಳಿಂದ ಅಭ್ಯಾಸ ಮಾಡಿದ ಸತ್ಯಜಿತ್ ಮೇಯರ್ ಮತ್ತು ಸಂಗಡಿಗರು ಕೋವಿಡ್ ಕಾಲದಲ್ಲಿ ಇಡೀ ಕೊರೊನಾ ವೈರಸ್ಸಿನ ಬದಲು ಅದರ ಮುಳ್ಳಿನ ತುದಿಭಾಗಕ್ಕಷ್ಟೇ ಬಣ್ಣ ಹಚ್ಚಿದರು. ಆ ಮುಳ್ಳು ಹಿಡಿದುಕೊಳ್ಳುವ ಎಸಿಇ2 ಗ್ರಾಹಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ ಇರುವ ಮಾನವ ಜಠರ ಕೋಶಗಳಲ್ಲಿ ಅದು ಕ್ಲಾಥ್ರಿನ್ ಬೇಡದ, ಆಮ್ಲೀಯತೆಯನ್ನು ನೆಚ್ಚಿದ ದಾರಿಯಿಂದ ಒಳಹೋಯಿತು. ಎಸಿಇ2 ಸೇರಿಸಿದಾಗ ಎರಡೂ ದಾರಿ ಹಿಡಿಯಿತು. 2021ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ, ಚೀಲದ ಆಮ್ಲ ತಗ್ಗಿಸುವ ಬ್ಯಾಫಿಲೊಮೈಸಿನ್ ಹಾಕಿದರೆ ಒಳಹೋಗುವ ಬೆಳಕು ಇಳಿಯಿತು. ಅಂದು ಊರೆಲ್ಲ ಹುಡುಕುತ್ತಿದ್ದ ಕ್ಲೋರೊಕ್ವಿನ್ ಆ ಆಮ್ಲವನ್ನೂ ಮುಟ್ಟಲಿಲ್ಲ, ಮುಳ್ಳು ಒಳಹೋಗುವುದನ್ನೂ ತಡೆಯಲಿಲ್ಲ, ಆದರೂ ಮುಳ್ಳಿನ ವೇಷ ತೊಡಿಸಿದ ಹುಸಿ ವೈರಸ್ಸಿನ ಪ್ರವೇಶವನ್ನು ಕುಗ್ಗಿಸಿತು. ಬ್ಯಾಫಿಲೊಮೈಸಿನ್ನಿನ ಗುಣವನ್ನೇ ಹುಡುಕುತ್ತ ಬಳಕೆಯಲ್ಲಿರುವ ಔಷಧಿಗಳನ್ನು ಜಾಲಾಡಿದಾಗ ಸಿಕ್ಕಿದ್ದು ಲಾಡಿಹುಳುವಿನ ಹಳೆಯ ಗುಳಿಗೆ ನಿಕ್ಲೋಸಮೈಡ್. ರೋಗಿಯಿಂದ ಪಡೆದ ಅಸಲಿ ವೈರಸ್ಸನ್ನೂ ಅದು ತಟ್ಟೆಯಲ್ಲಿ ಹತ್ತಿಕ್ಕಿತು. ತಟ್ಟೆಯಾಚೆಯ ಮಾತು ಬೇರೆ: ನುಂಗಿದ ನಿಕ್ಲೋಸಮೈಡ್ ಕರುಳಿನಿಂದ ರಕ್ತಕ್ಕೆ ಇಳಿಯುವುದು ಬಹಳ ಕಡಿಮೆ. ಕರುಳಿನ ಹುಳುವಿಗೆ ಅದು ಸಲ್ಲುವುದೂ ಶ್ವಾಸಕೋಶಕ್ಕೆ ಸುಲಭವಾಗಿ ತಲುಪದಿರುವುದೂ ಇದೇ ಕಾರಣಕ್ಕೆ.