ಮೊಂಡು ಯಾರು?

ಹಲ್ಲು ಸವೆದ ಯಂತ್ರಗರಗಸವು ತನ್ನ ಸ್ಥಿತಿಯನ್ನು ತಾನೇ ಹೇಳುತ್ತದೆ. ಹರಿತವಾಗಿರುವಾಗ ಅದರ ಸರಪಳಿ ಮರದಿಂದ ಚಕ್ಕೆ ಎಬ್ಬಿಸುತ್ತದೆ. ಮೊಂಡಾದಾಗ ಹಿಟ್ಟಿನಂತಹ ಹುಡಿಯನ್ನು ಉದುರಿಸುತ್ತದೆ.

ಮಲೆನಾಡಿನ ಕಾಫಿ ತೋಟದಲ್ಲಿ, ಗಾಳಿಮಳೆಗೆ ಉರುಳಿದ ಸಿಲ್ವರ್ ಓಕ್ ಮರವನ್ನು ತುಂಡರಿಸುತ್ತಿದ್ದ ತರುಣನು ಆ ಹುಡಿಯನ್ನು ಕಂಡೂ ಕಾಣದಂತಿದ್ದನು. ಅರ ಹಿಡಿದು ಕೂರುವುದು ಅವನ ಪಾಲಿಗೆ ಕೂಲಿಯಿಲ್ಲದ ಹೊತ್ತು. ಗರಗಸ ಇಳಿಯದಿದ್ದಾಗ ತೋಳಿನಿಂದ ಒತ್ತಿದನು, ಒತ್ತಿದಷ್ಟೂ ಹೊಗೆಯೆದ್ದಿತು. ಈ ಕೆಲಸದಲ್ಲೇ ಕೂದಲು ನರೆತ ಮುದುಕನೊಬ್ಬ ದಿಮ್ಮಿಯ ಮೇಲೆ ಕುಳಿತು ನೋಡುತ್ತಿದ್ದನು.

“ನಿಲ್ಸು ಮಾರಾಯ. ಮೊಂಡಾಗಿರೋದು ಗರಗಸವೋ, ನೀನೋ?”

“ಸಂಜೆಯೊಳಗೆ ಮುಗೀಬೇಕು, ಅಜ್ಜಾ.”

ಮುದುಕನು ಉತ್ತರಿಸಲಿಲ್ಲ. ಪಂಚೆಯನ್ನು ಸರಿಸಿ, ಮೊಣಕಾಲಿನ ಮೇಲಿದ್ದ ಗೇಣುದ್ದದ ಹಳೆಯ ಗಾಯದ ಗೆರೆಯನ್ನು ತೋರಿಸಿದನು. ಬಲವಾಗಿ ಒತ್ತಿದ ಗರಗಸವು ಥಟ್ಟನೆ ಮರವನ್ನು ದಾಟಿದಾಗ ಅದರ ಮುಂದೆ ಇರುವುದು ಕಾಲೇ. ತರುಣನು ಯಂತ್ರವನ್ನು ಆರಿಸಿದನು.

ಈ ಸರಪಳಿಯ ಹಲ್ಲಿಗೆ ಗುರುವಾದುದು ಒಂದು ಹುಳು. ಹಿಂದಿನ ಸರಪಳಿಗಳಿಗೆ ಕೈಗರಗಸದಂತಹ ಹಲ್ಲುಗಳಿದ್ದು, ಪದೇ ಪದೇ ಅರ ಹಾಕಬೇಕಾಗುತ್ತಿತ್ತು. 1946ರಲ್ಲಿ ಅಮೆರಿಕದ ಆರೆಗಾನ್ ರಾಜ್ಯದಲ್ಲಿ, ಮರ ಕಡಿಯುವ ಕಸುಬಿನ ಜೋಸೆಫ್ ಕಾಕ್ಸ್ ಎಂಬಾತನು ಮರದ ಬೊಡ್ಡೆಯೊಂದನ್ನು ಕೊರೆಯುತ್ತಿದ್ದ ದುಂಬಿಯ ಮರಿಹುಳುವನ್ನು ಕಂಡನು. ಅದರ ಬಾಗಿದ ದವಡೆಗಳು ಎಡಕ್ಕೂ ಬಲಕ್ಕೂ ಮರವನ್ನು ಸಲೀಸಾಗಿ ಕತ್ತರಿಸುತ್ತಿದ್ದವು. ಅದೇ ಮಾದರಿಯಲ್ಲಿ ಎಡ ಬಲ ಹಲ್ಲುಗಳುಳ್ಳ ಸರಪಳಿಯನ್ನು ಆತನು ರೂಪಿಸಿದನು. 1947ರಲ್ಲಿ ಅದು ಮಾರಾಟಕ್ಕೆ ಬಂದಿತು. ಇಂದಿನ ಸರಪಳಿಗಳೂ ಅದೇ ವಂಶದವು.

ಅರ ಹಾಕುವುದರಲ್ಲಿ ಬಲಕ್ಕಿಂತ ಲೆಕ್ಕ ಮುಖ್ಯ. ಸರಪಳಿಗೆ ತಕ್ಕ ಗುಂಡು ಅರ ಬೇಕು, 4, 4.8, 5.5 ಮಿಲಿಮೀಟರು ದಪ್ಪದವು ಬಳಕೆಯಲ್ಲಿವೆ. ಹೆಚ್ಚಿನ ಸರಪಳಿಗಳಿಗೆ 25ರಿಂದ 30 ಡಿಗ್ರಿ ಕೋನವಿಟ್ಟು, ಹಲ್ಲಿನ ಒಳಗಿನಿಂದ ಹೊರಕ್ಕೆ ಮಾತ್ರ ತಳ್ಳಬೇಕು; ಹಿಂದಕ್ಕೆ ತರುವಾಗ ಅರವನ್ನು ಎತ್ತಬೇಕು. ಒಂದು ಹಲ್ಲಿಗೆ ಮೂರು ಸಲವಾದರೆ ಎಲ್ಲಕ್ಕೂ ಮೂರೇ. ಒಂದು ಮಗ್ಗುಲಿನ ಹಲ್ಲುಗಳು ಹೆಚ್ಚು ಸವೆದರೆ ಕೊಯ್ತ ವಾಲುತ್ತದೆ.

ಪ್ರತಿ ಹಲ್ಲಿನ ಮುಂದೆ ಚಿಕ್ಕದೊಂದು ಗೂನು ಇದೆ. ಹಲ್ಲು ಎಷ್ಟು ಆಳ ಕಚ್ಚಬೇಕೆಂಬುದನ್ನು ಅದು ನಿರ್ಣಯಿಸುತ್ತದೆ. ಹಲ್ಲು ಸವೆದಂತೆ ಗೂನನ್ನೂ ಚಪ್ಪಟೆ ಅರದಿಂದ ತಗ್ಗಿಸಬೇಕು. ಸಾಮಾನ್ಯ ಸರಪಳಿಯಲ್ಲಿ ಎರಡರ ಅಂತರ ಸುಮಾರು 0.65 ಮಿಲಿಮೀಟರು ಮಾತ್ರ. ಗೂನು ಎತ್ತರವಾಗಿದ್ದರೆ ಹರಿತವಾದ ಹಲ್ಲೂ ಉಪವಾಸ. ಅತಿಯಾಗಿ ತಗ್ಗಿದರೆ ಗರಗಸವು ಹಿಡಿದವನತ್ತ ಒದೆಯುವ ಅಪಾಯ.

ಮತ್ತೆ ಯಂತ್ರ ಹೂಡಿದಾಗ ಗರಗಸವು ತನ್ನ ಭಾರದಿಂದಲೇ ಮರದೊಳಕ್ಕೆ ಇಳಿಯಿತು. ಚಕ್ಕೆಗಳು ಹಾರಿದವು. ಮುದುಕನು ಪಂಚೆಯನ್ನು ಸರಿಪಡಿಸಿಕೊಂಡು ಎದ್ದನು. ಸಂಜೆಗೆ ಎರಡು ತುಂಡು ಉಳಿದವು. ತರುಣನು ಅವನ್ನು ನಾಳೆಗೆ ಬಿಟ್ಟು, ಅರವನ್ನು ಬಟ್ಟೆಯಲ್ಲಿ ಸುತ್ತಿ ಜೋಪಾನವಾಗಿ ಚೀಲಕ್ಕೆ ಹಾಕಿದನು.