ಬಾಯಮ್ಮನ ಗೋದಲಿ

ಡಿಸೆಂಬರ್ ಬಂತೆಂದರೆ ಬೆಂದೂರಿನ ನಮ್ಮ ಓಣಿಯ ಮನೆಗಳ ಮುಂದೆ ನಕ್ಷತ್ರಗಳು ತೂಗತೊಡಗುತ್ತಿದ್ದವು. ನಾವು ಕ್ರಿಶ್ಚಿಯನ್ನರಲ್ಲ. ಆದರೂ ಪಕ್ಕದ ಮನೆಯ ಬಾಯಮ್ಮನ ಗೋದಲಿಯಲ್ಲಿ ಅರ್ಧ ಕೆಲಸ ನನ್ನದೇ. ಗೆರಟೆಯಲ್ಲಿ ಮಣ್ಣು ತುಂಬಿ ಭತ್ತ ಮೊಳಕೆ ಬರಿಸುವುದು, ಬೈಹುಲ್ಲಿನ ಮಾಡು ಕಟ್ಟುವುದು, ಹಿಮಕ್ಕೆಂದು ಹತ್ತಿ ಹರಡುವುದು. ಹಿಮ ಹೇಗಿರುತ್ತದೆಂದು ನನಗೂ ಗೊತ್ತಿರಲಿಲ್ಲ, ಬಾಯಮ್ಮನಿಗೂ. ಮಂಗಳೂರಿನಲ್ಲಿ ಫ್ಯಾನ್ ಹಾಕದೆ ಮಲಗಲು ಆದರೆ ಅದೇ ಚಳಿಗಾಲ.

1988ರಲ್ಲಿ ನನಗೆ ಹನ್ನೊಂದು ವರ್ಷ. ಆ ಸಲ ದೀಪದ ಸರ ಹಾಕುವ ಕೆಲಸವೂ ನನಗೇ ಬಂತು. ಸರದ ಪ್ಲಗ್ ಮುರಿದಿತ್ತು. ದೊಡ್ಡವರು ಮಾಡುವುದನ್ನು ನೋಡಿದ್ದೆನಲ್ಲ, ವಯರಿನ ತುದಿ ಕೆರೆದು ಸಾಕೆಟ್ಟಿನ ತೂತಿಗೆ ತುರುಕಿ, ಅಲ್ಲಾಡದಂತೆ ಎರಡು ಬೆಂಕಿಕಡ್ಡಿ ಸಿಕ್ಕಿಸಿದೆ. ದೀಪ ಹತ್ತಿತು. ಬಾಯಮ್ಮ ಬೆನ್ನು ತಟ್ಟಿದರು.

24ರ ರಾತ್ರಿ ಅವರೆಲ್ಲ ಇಗರ್ಜಿಗೆ ಹೋಗಿದ್ದರು. ದೀಪ ಆರಿಸಿರಲಿಲ್ಲ. ಬಾಲಯೇಸುವಿನ ಮುಂದೆ ಮೇಣದ ಬತ್ತಿಯೂ ಉರಿಯುತ್ತಿತ್ತು. ಕಿಟಕಿಯಲ್ಲಿ ಬೆಳಕು ಕುಣಿಯುವುದನ್ನು ಮೊದಲು ಕಂಡದ್ದು ಅಮ್ಮ. ಕೀಲಿಕೈ ನಮ್ಮಲ್ಲಿತ್ತು. ಕೊಡಪಾನ ಎತ್ತಿಕೊಂಡು ಓಡಿದವರನ್ನು ಅಪ್ಪ ತಡೆದು, ಮೊದಲು ಮೈನ್ ಸ್ವಿಚ್ ಇಳಿಸಿದರು. ಆಮೇಲೆ ಅಂಗಳದ ಹೊಯಿಗೆ ಎರಚಿದರು. ಹಂಚಿನ ಮಾಡಿನ ಪಕ್ಕಾಸಿಗೆ ತಗಲುವ ಮೊದಲೇ ನಂದಿತು.

ಮೇಣದ ಬತ್ತಿಯಿಂದಲೇ ಆದದ್ದೆಂದು ಎಲ್ಲರೂ ಹೇಳಿದರು. ಮರುದಿನ ಹೊಯಿಗೆ ಗುಡಿಸಿದವನು ನಾನು. ಬತ್ತಿ ಇದ್ದ ಕಡೆ ಹತ್ತಿ ಬೆಳ್ಳಗೇ ಇತ್ತು. ಮಸಿ ಹಿಡಿದದ್ದು ಸಾಕೆಟ್ಟಿನ ಕಡೆ. ನಾನು ಬಾಯಿ ಬಿಡಲಿಲ್ಲ.

ಮುಂದೆ ಐಟಿಐ ಓದಿ ವಯರಿಂಗ್ ಕೆಲಸಕ್ಕೇ ಇಳಿದೆ. ಸಡಿಲ ವಯರಿನಲ್ಲಿ ಕರೆಂಟು ಹೆಚ್ಚು ಹರಿಯುವುದಿಲ್ಲ, ಆದ್ದರಿಂದ ಫ್ಯೂಸ್ ಹೋಗುವುದಿಲ್ಲ. ಅದೇ ಜಾಗದಲ್ಲಿ ಕಿಡಿ ಹಾರುತ್ತಾ ಕಾಯುತ್ತದೆ. ಈಗಿನ ಎಂಸಿಬಿಯೂ ಅದನ್ನು ಹಿಡಿಯುವುದಿಲ್ಲ. "ಎಲ್‌ಇಡಿ ಅಲ್ವಾ ಅಣ್ಣ, ಬಿಸಿಯೇ ಆಗುವುದಿಲ್ಲ" ಎನ್ನುತ್ತಾರೆ. ದೀಪ ಬಿಸಿಯಾಗದಿರಬಹುದು, ಸಾಕೆಟ್ ಆಗುತ್ತದೆ. ಈಗಲೂ ಡಿಸೆಂಬರಿನಲ್ಲಿ ಬೆಂಕಿಕಡ್ಡಿ ಸಿಕ್ಕಿಸಿದ ಬೋರ್ಡು ಕಾಣಸಿಗುತ್ತದೆ. ಕಂಡಲ್ಲೆಲ್ಲ ದುಡ್ಡು ಕೇಳದೆ ಪ್ಲಗ್ ಹಾಕಿ ಬರುತ್ತೇನೆ. ಯಾಕೆಂದು ಯಾರೂ ಕೇಳಿಲ್ಲ.

ಬಾಯಮ್ಮ ಬೆಂಕಿಗೆ ಹೆದರುವವರಲ್ಲ. ಕುಸ್ವಾರ್ ಕರಿಯುವಾಗ ಬಾಣಲೆಯ ಎಣ್ಣೆಗೆ ಬೆಂಕಿ ಹಿಡಿದರೆ ನೀರು ಹಾಕಬಾರದು, ಒಲೆ ಆರಿಸಿ ಮುಚ್ಚಳ ಮುಚ್ಚಬೇಕೆಂದು ನನಗೆ ಕಲಿಸಿದ್ದೇ ಅವರು. ಆದರೆ ಆ ವರ್ಷದ ನಂತರ ಗೋದಲಿಯ ಮುಂದೆ ಮೇಣದ ಬತ್ತಿ ಹಚ್ಚಲಿಲ್ಲ.

ಹೋದ ಡಿಸೆಂಬರಿನಲ್ಲಿ ಹೇಳಿಬಿಟ್ಟೆ. ಎಂಬತ್ತು ದಾಟಿದ ಬಾಯಮ್ಮ ಬಾಚಣಿಗೆಯ ಮೇಲೆ ಕಿಡ್ಯೊ ಒತ್ತುತ್ತಿದ್ದರು. ಕೈ ನಿಂತಿತು.

"ಹಾಗಾದರೆ ಬತ್ತಿಯಿಂದ ಅಲ್ವಾ?"

"ಅಲ್ಲ ಬಾಯಮ್ಮ."

"ಪಾದ್ರಿಗಳ ಹತ್ತಿರ ಅದನ್ನು ನನ್ನ ತಪ್ಪೆಂದು ಹೇಳಿಕೊಂಡಿದ್ದೆನಲ್ಲ ಮಾರಾಯ!"

ನನಗೆ ತಲೆ ಎತ್ತಲಾಗಲಿಲ್ಲ. ಅವರು ಇನ್ನೂ ನಾಲ್ಕು ಕಿಡ್ಯೊ ಒತ್ತಿ ಮುಗಿಸಿ, ಕೈ ಒರೆಸಿಕೊಂಡು, ಡ್ರಾವರಿನಲ್ಲಿ ಮೇಣದ ಬತ್ತಿ ಇದೆಯಾ ನೋಡು ಎಂದರು.

24ರ ರಾತ್ರಿ ಹುಲ್ಲಿನಿಂದ ದೂರ, ಸ್ಟೀಲ್ ತಟ್ಟೆಯಲ್ಲಿ ನೀರು ಹಾಕಿ ಬತ್ತಿ ನಿಲ್ಲಿಸಿದೆವು. ಇಗರ್ಜಿಗೆ ಹೊರಡುವಾಗ ಅವರೇ ಬಗ್ಗಿ ಊದಿ ಆರಿಸಿದರು. ಮತ್ತೆ ನನ್ನ ಕಡೆ ತಿರುಗಿ, "ನಿನ್ನ ಪ್ಲಗ್ಗೂ ತೆಗಿ" ಎಂದರು.